ಗಾಜಿನ ತೊಟ್ಟಿಯಲ್ಲಿ ಕಡಲು

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವ ಊರು. ಮಂಗಳೂರಿನ ದಡಕ್ಕೆ ಹೋಗಬೇಕಾದರೂ ಚೆನ್ನೈಯ ದಡಕ್ಕೆ ಹೋಗಬೇಕಾದರೂ 300 ಕಿಲೋಮೀಟರಿಗೂ ಹೆಚ್ಚಿನ ದಾರಿ. ಊರಿನ ಪಶ್ಚಿಮ ಭಾಗಕ್ಕಂತೂ ಕಡಲಿನ ಸುದ್ದಿಯೇ ಇರಲಿಲ್ಲ. 1949ರಲ್ಲಿ ಕೈಗಾರಿಕೆಯ ಉಪನಗರವಾಗಿ ಹುಟ್ಟಿದ ರಾಜಾಜಿನಗರ, ಅದರ ತರುವಾಯ ಬೆಳೆದ ವಿಜಯನಗರ ಮತ್ತು ಬಸವೇಶ್ವರನಗರ, ಇನ್ನೂ ಆಚೆಗೆ ಹಳೆಯ ಊರಾದ ಕೆಂಗೇರಿ, ಇವುಗಳಿಗೆ ಗೊತ್ತಿದ್ದ ನೀರೆಂದರೆ ಕೆರೆಯ ನೀರು, ಬಾವಿಯ ನೀರು, ವೃಷಭಾವತಿಯ ನೀರು. ಆದರೂ ಓದುಗರೇ, ಇಂದು ಈ ಬಡಾವಣೆಗಳ ಕೆಲವು ಮನೆಗಳಲ್ಲಿ ಹಜಾರದ ಗೋಡೆಯ ಬದಿಗೆ ಒಂದು ಗಾಜಿನ ತೊಟ್ಟಿಯನ್ನು ಕಾಣಬಹುದು. ಅದರಲ್ಲಿ ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟಿ ಕಟ್ಟಿಕೊಂಡ ಮೀನು, ಅರಿಸಿನ ಬಳಿದಂಥ ಹಳದಿಯ ಮೀನು, ನೀಲಿಯ ಮೇಲೆ ಕಪ್ಪು ಗೀರೆಳೆದ ಮೀನು ಸುಳಿದಾಡುತ್ತಿರುತ್ತವೆ. ಅವು ಕೆರೆಯ ಮೀನುಗಳಲ್ಲ, ಹವಳದ ದಿಬ್ಬಗಳ ಮೀನುಗಳು. ಸಿಹಿನೀರಿನಲ್ಲಿ ಅವು ಬದುಕಲಾರವು. ಹಾಗಾದರೆ ಕಡಲು ಈ ಎತ್ತರಕ್ಕೆ ಹತ್ತಿ ಬಂದದ್ದು ಹೇಗೆ, ಅದನ್ನು ಹತ್ತಿಸುವಾಗ ಯಾರಿಗೆ ಏನು ನಷ್ಟವಾಯಿತು ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಮೀನನ್ನು ನೋಡಿ ಸಂತೋಷಪಡುವುದು ಕನ್ನಡನಾಡಿಗೆ ಹೊಸದೇನೂ ಅಲ್ಲ. ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎಸೆಯದೆ ಹಿಂತಿರುಗುವುದು ಅಪರೂಪ. ಕಾವೇರಿಯ ದಡದ ರಾಮನಾಥಪುರದಲ್ಲಿಯೂ ಬೆಳ್ತಂಗಡಿಯ ಕಡೆಯ ಶಿಶಿಲದಲ್ಲಿಯೂ ದೇವರ ಮೀನುಗಳೆಂದು ಹೊಳೆಯ ಒಂದು ಪಾತ್ರವನ್ನೇ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಬಲೆ ಬೀಸುವಂತಿಲ್ಲ. ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಬೆರೆಸಿ ಮೀನುಗಳನ್ನು ಕೊಂದಾಗ ಊರಿನವರು ಸತ್ತ ಮೀನುಗಳಿಗೊಂದು ಸ್ಮಾರಕ ಕಟ್ಟಿಸಿದರು. ಇದು ಮೀನನ್ನು ಅದರ ನೀರಿನಲ್ಲೇ ಬಿಟ್ಟು ನೋಡುವ ಸಂಪ್ರದಾಯ.

ಇದಕ್ಕಿಂತ ಹಿಂದಿನ ಒಂದು ದಾಖಲೆಯೂ ನಮ್ಮಲ್ಲಿ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆ, ಅಡುಗೆ, ಸಂಗೀತಗಳ ಜೊತೆಗೆ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವೂ ಇದೆ. ಅದರಲ್ಲಿ ಸುಮಾರು 35 ಬಗೆಯ ಮೀನುಗಳ ಪ್ರಸ್ತಾಪವುಂಟು. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ದೊರೆ ವಿಂಗಡಿಸಿದ್ದಾನೆ. ಮೀನಿಗೆ ಏನು ತಿನ್ನಿಸಬೇಕೆಂಬುದನ್ನೂ ಹೇಳಿದ್ದಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರು ಈ ಅಧ್ಯಾಯವನ್ನು ಪರಿಶೀಲಿಸಿ 1951ರಲ್ಲಿ ಒಂದು ಪ್ರೌಢಲೇಖನವನ್ನು ಪ್ರಕಟಿಸಿದರು. ಸೋಮೇಶ್ವರನ ರಾಜಧಾನಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಕಡಲಿನಿಂದ ಬೆಂಗಳೂರಿಗಿಂತಲೂ ದೂರವಾದ ಒಳನಾಡು. ಅಲ್ಲಿ ಕುಳಿತು ಕಡಲಿನ ಮೀನಿನ ಮಾತನಾಡಿದ ದೊರೆಗೆ ಕಡಲಿನ ನೀರನ್ನು ಮಾತ್ರ ತರಿಸುವುದಾಗಲಿಲ್ಲ. ಅವನ ವಿನೋದ ಗಾಳ ಹಾಕುವ ವಿನೋದ, ಗಾಜಿನ ಮೂಲಕ ನೋಡುವುದಲ್ಲ.

ಕಡಲಿನ ಮೀನನ್ನು ಸಾಕಿದ ಹಳಬರು ರೋಮಿನ ಸಿರಿವಂತರು. ಆದರೆ ಅವರ ಕೊಳಗಳು ಸಮುದ್ರದ ಅಂಚಿನಲ್ಲಿ ಇದ್ದವು. ಕಾಲುವೆಯ ಬಾಯಿ ತೆರೆದರೆ ಹೊಸ ನೀರು ತಾನೇ ಬರುತ್ತಿತ್ತು. ದಡ ಬಿಟ್ಟು ಕಡಲನ್ನು ಒಯ್ಯುವ ಪ್ರಯತ್ನ ಕಣ್ಣಿಗೆ ಬೀಳುವುದು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ. 1846ರಲ್ಲಿ ಅನ್ನಾ ಥಿನ್ ಎಂಬ ಗೃಹಿಣಿ ಟಾರ್ಕೀ ಎಂಬ ಕಡಲ ತೀರದಿಂದ ಕೆಲವು ಹವಳದ ಜೀವಿಗಳನ್ನು ಕಲ್ಲಿನ ಜಾಡಿಯಲ್ಲಿ ಲಂಡನ್ನಿನ ಮನೆಗೆ ತಂದರು. ಹೊಸ ಸಮುದ್ರದ ನೀರು ದಿನವೂ ಸಿಕ್ಕುವ ಹಾಗಿರಲಿಲ್ಲ. ನೀರು ಕೆಡದಂತೆ ಅವರು ಕಂಡುಕೊಂಡ ಉಪಾಯ ನಮ್ಮವರಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ, ನಾವು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವಂತೆ, ದಿನವೂ ಅರ್ಧ ಗಂಟೆಗೂ ಮಿಕ್ಕಿ ಹೊಯ್ಯಿಸುತ್ತಿದ್ದರು. ಆ ಕೆಲಸ ಮನೆಗೆಲಸದ ಹುಡುಗಿಯ ಪಾಲಿಗೆ ಬಿತ್ತು. ಗಾಳಿ ಬೆರೆತ ನೀರಿನಲ್ಲಿ ಹವಳ ಬದುಕಿತು. ಇಂದಿನ ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಎನ್ನುವ ವಿದ್ಯುತ್ ಪಂಪು ಮಾಡುತ್ತಿರುವುದು ಆ ಹುಡುಗಿಯ ಕೆಲಸವನ್ನೇ.

ಅದೇ ಊರಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಎರಡು ಚಿನ್ನದ ಮೀನು, ನೀರಿನೊಳಗೇ ಬೆಳೆಯುವ ಹುಲ್ಲಿನಂಥ ಗಿಡ ಮತ್ತು ಒಂದಷ್ಟು ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿಟ್ಟು, ಇವು ಒಂದಕ್ಕೊಂದು ಆಧಾರವಾಗಿ ಬದುಕಬಲ್ಲವೆಂದು 1850ರಲ್ಲಿ ತೋರಿಸಿದನು. ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗವಿಜ್ಞಾನಿ ಇದನ್ನು ಕಡಲಿನ ನೀರಿಗೆ ಅನ್ವಯಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಗಾಸ್ ‘ಅಕ್ವೇರಿಯಂ’ ಎಂಬ ಪುಸ್ತಕವನ್ನು ಬರೆದನು. ಆ ಹೆಸರು ನಿಂತುಹೋಯಿತು. ಕೈಯಲ್ಲೇ ಸಮುದ್ರದ ನೀರನ್ನು ತಯಾರಿಸುವ ಪಾಕವನ್ನು ಅಚ್ಚು ಮಾಡಿಸಿದವನೂ ಅವನೇ. ಅಡಿಗೆ ಉಪ್ಪು, ಭೇದಿಗೆ ಕೊಡುವ ಎಪ್ಸಮ್ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡುಗಳು, ಇವಿಷ್ಟನ್ನು ತೂಕ ಮಾಡಿ ನೀರಿಗೆ ಹಾಕಿದರೆ ಒಳನಾಡಿನವನೂ ಕಡಲನ್ನು ಕಲಸಿಕೊಳ್ಳಬಹುದೆಂದು ಅವನು ಸಾರಿದನು. ಒಳನಾಡಿನ ತೊಟ್ಟಿಗಳಿಗೆಲ್ಲ ದಾರಿ ತೋರಿಸಿದ್ದು ಆ ಪಾಕ.

ಆದರೆ ಅವನ ಪುಸ್ತಕ ಇನ್ನೊಂದು ಕೆಲಸವನ್ನೂ ಮಾಡಿತು. ಅದನ್ನು ಓದಿದವರು ಗುಂಪುಗುಂಪಾಗಿ ಇಂಗ್ಲೆಂಡಿನ ತೀರಗಳಿಗೆ ಹೋಗಿ ಬಂಡೆಯ ಮಡುಗಳನ್ನು ಸೂರೆ ಮಾಡಿದರು. ಗಾಸನ ಮಗ ಎಡ್ಮಂಡ್, 1907ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ, ತಂದೆಯ ಬರಹದಿಂದಲೇ ಆ ಮಡುಗಳು ಬರಿದಾದವೆಂದು ವ್ಯಥೆಪಟ್ಟಿದ್ದಾನೆ. ಈ ಹವ್ಯಾಸದ ಚರಿತ್ರೆಯಲ್ಲಿ ಮುಂದೆಯೂ ಇದೇ ಜಾಡು ಮತ್ತೆ ಮತ್ತೆ ಕಾಣುತ್ತದೆ.

ಇಷ್ಟಾದರೂ ಮೀನುಗಳು ಸಾಯುವುದು ನಿಲ್ಲಲಿಲ್ಲ. ತೊಟ್ಟಿ ಕಟ್ಟಿದ ಮೊದಲ ದಿನ ಎಲ್ಲವೂ ಚೆನ್ನ. ವಾರ ಕಳೆಯುವುದರೊಳಗೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ, ಆಮೇಲೆ ಮಗುಚಿಕೊಳ್ಳುತ್ತದೆ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೀನು ತನ್ನ ಕಿವಿರುಗಳಿಂದ ಅಮೋನಿಯಾವನ್ನು ನೀರಿಗೆ ಬಿಡುತ್ತದೆ. ಹೊಳೆಯಲ್ಲಿ, ಸಮುದ್ರದಲ್ಲಿ ಅದು ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಉಳಿಯುತ್ತದೆ. ಸಮುದ್ರದ ನೀರು ಸ್ವಭಾವತಃ ಕ್ಷಾರಗುಣದ್ದು. ಕ್ಷಾರ ಹೆಚ್ಚಿದಷ್ಟೂ ಅಮೋನಿಯಾದ ವಿಷಭಾಗವೂ ಹೆಚ್ಚು. ಜೊತೆಗೆ ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕ ಸಿಹಿನೀರಿನಲ್ಲಿ ಕರಗುವುದಕ್ಕಿಂತ ಕಡಿಮೆ. ಅದರ ಮೇಲೆ, ಮೈಯೊಳಗಿನ ನೀರು ಹೊರಗಿನ ಉಪ್ಪಿಗೆ ಸೆಳೆದುಹೋಗುವುದರಿಂದ ಕಡಲ ಮೀನು ಸದಾ ನೀರು ಕುಡಿಯುತ್ತಲೇ ಇರಬೇಕು. ಕೆರೆಯ ಮೀನಿಗೆ ಆ ಅಗತ್ಯವಿಲ್ಲ. ಹೀಗಾಗಿ ಕೆರೆಯ ಮೀನು ತಡೆದುಕೊಳ್ಳುವ ಕೊಳಕಿನಲ್ಲಿ ಕಡಲ ಮೀನು ಉಳಿಯುವುದಿಲ್ಲ.

ಅಮೋನಿಯಾವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಇವೆಯೆಂಬುದು ಗೊತ್ತಾದದ್ದು ಮೀನಿನ ತೊಟ್ಟಿಯಿಂದಲ್ಲ, ಚರಂಡಿಯ ನೀರಿನಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳು ತುಂಬಿದ ಕೊಳವೆಯ ಮೂಲಕ ಕೊಳಚೆ ನೀರನ್ನು ಮೆಲ್ಲಗೆ ಇಳಿಸಿದರು. ಕೆಲವು ದಿನಗಳಾದ ಮೇಲೆ ಅದರ ಅಮೋನಿಯಾವೆಲ್ಲ ನೈಟ್ರೇಟಾಗಿ ಕೆಳಗೆ ಬರತೊಡಗಿತು. ಮೇಲಿಂದ ಕ್ಲೋರೋಫಾರಮ್ ಹಾಯಿಸಿದರೆ ಕೆಲಸ ನಿಂತುಹೋಗುತ್ತಿತ್ತು. ಅಂದರೆ ಒಳಗೆ ಯಾವುದೋ ಜೀವವಿದೆ ಎಂದಾಯಿತು. ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ, ಎರಡನ್ನೂ ಬೇರೆ ಬೇರೆ ಜೀವಿಗಳು ಮಾಡುತ್ತವೆ ಎಂದು ಇಂಗ್ಲೆಂಡಿನ ಹೊಲದ ಮಣ್ಣಿನಲ್ಲಿ ತೋರಿಸಿಕೊಟ್ಟವನ ಹೆಸರು ರಾಬರ್ಟ್ ವಾರಿಂಗ್ಟನ್. ಮೇಲೆ ಹೇಳಿದ ವಾರಿಂಗ್ಟನ್ನನ ಮಗ! ತಂದೆ ತೊಟ್ಟಿ ಕಟ್ಟಿದನು. ತೊಟ್ಟಿಯ ಗುಟ್ಟನ್ನು ಮಗ ಹೊಲದಲ್ಲಿ ಕಂಡನು. ಆ ಜೀವಿಗಳನ್ನು 1890ರ ಸುಮಾರಿನಲ್ಲಿ ಬೇರ್ಪಡಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ. ಈ ಅರಿವು ಪ್ರಯೋಗಶಾಲೆಯಿಂದ ಮನೆಯ ತೊಟ್ಟಿಯವರೆಗೆ ಇಳಿದುಬರಲು ಮತ್ತೆ ಅರ್ಧ ಶತಮಾನಕ್ಕೂ ಮಿಕ್ಕಿ ಹಿಡಿಯಿತು.

ಅಲ್ಲಿಯವರೆಗೆ ಎಲ್ಲರಿಗೂ ಇದ್ದ ದಾರಿ ಒಂದೇ: ಕಡಲಿನ ಪಕ್ಕದಲ್ಲಿ ಮತ್ಸ್ಯಾಲಯವನ್ನು ಕಟ್ಟಿ ನೀರನ್ನು ಬದಲಾಯಿಸುತ್ತಿರುವುದು. ನಮ್ಮ ದೇಶದಲ್ಲಿ ಮದರಾಸಿನ ಮರೀನಾ ತೀರದಲ್ಲಿ 1909ರಲ್ಲಿ ತೆರೆದ ಮತ್ಸ್ಯಾಲಯ ಇಂಥದು. ಅಲ್ಲಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಇದರ ಪ್ರೇರಕ. ಬೆಂಗಳೂರಿನವರು ರೈಲಿನಲ್ಲಿ ಹೋಗಿ ನೋಡಿಬರಬಹುದಾಗಿದ್ದ ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿತು. ಮುಂಬಯಿಯಲ್ಲಿ 1951ರಲ್ಲಿ ಮೆರೀನ್ ಡ್ರೈವಿನ ಮೇಲೆ ತಾರಾಪೋರವಾಲಾ ಮತ್ಸ್ಯಾಲಯ ತೆರೆಯಿತು. ಅದಕ್ಕೂ ಸಮುದ್ರ ರಸ್ತೆಯಾಚೆಗೇ ಇತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಮೀನುಗಾರಿಕೆ ಇಲಾಖೆಯ ಮತ್ಸ್ಯಾಲಯ ಆರಂಭವಾದದ್ದು 1983ರಲ್ಲಿ. ಶಾಲೆಯ ಮಕ್ಕಳಾಗಿದ್ದಾಗ ಸಾಲಿನಲ್ಲಿ ಹೋಗಿ ನೋಡಿದವರಿಗೆ ನೆನಪಿರಬಹುದು, ಅಲ್ಲಿದ್ದದ್ದು ಕಾಟ್ಲಾ, ಕಾದಾಡುವ ಮೀನು, ಸಿಹಿನೀರಿನ ಸೀಗಡಿ ಮೊದಲಾದುವು. ಮನೆಗಳಲ್ಲಿಯೂ ಹಾಗೆಯೇ. ಬೆಂಗಳೂರಿನಲ್ಲಿ ಮೀನು ಸಾಕುವುದೆಂದರೆ ಬಹುಕಾಲ ಸಿಹಿನೀರಿನ ಮೀನು ಸಾಕುವುದೇ ಆಗಿತ್ತು.

ಬದಲಾವಣೆ ಬಂದದ್ದು ನಾಲ್ಕಾರು ಕಡೆಗಳಿಂದ. ಹಳೆಯ ತೊಟ್ಟಿಗಳು ಕಬ್ಬಿಣದ ಕೋನಪಟ್ಟಿಯ ಚೌಕಟ್ಟಿನವು. ಗಾಜನ್ನು ಲಪ್ಪದಿಂದ ಕೂರಿಸುತ್ತಿದ್ದರು. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತಿತ್ತು, ತುಕ್ಕೂ ಲಪ್ಪವೂ ನೀರಿಗೆ ಸೇರುತ್ತಿದ್ದವು. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಂದ ಮೇಲೆ ಚೌಕಟ್ಟೇ ಬೇಕಿಲ್ಲದಂತಾಯಿತು. ಅದೇ ದಶಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣವನ್ನು ಅಮೆರಿಕದ ಕಾರ್ಖಾನೆಗಳು ಪೊಟ್ಟಣ ಕಟ್ಟಿ ಮಾರತೊಡಗಿದವು. ಜರ್ಮನಿಯವರು ನೊರೆ ತೆಗೆಯುವ ಯಂತ್ರವೊಂದನ್ನು ಬಳಕೆಗೆ ತಂದರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆದ್ದು, ಅದನ್ನು ಜಾಲರಿಯಿಂದ ತೆಗೆಯುವುದಿಲ್ಲವೇ? ಈ ಯಂತ್ರದಲ್ಲಿ ಬೆಂಕಿಯ ಬದಲು ಸಣ್ಣ ಗಾಳಿಗುಳ್ಳೆಗಳು ಆ ಕೆಲಸವನ್ನು ಮಾಡುತ್ತವೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಜಕಾರ್ತದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಒಂದು ಪತ್ರಿಕೆಯಲ್ಲಿ ತಿಳಿಸಿದ ರೀತಿ. ಅವರು ಸಮುದ್ರದೊಳಗಿನ ಹವಳದ ಕಲ್ಲುಗಳನ್ನು ತೊಳೆಯದೆ ಉಜ್ಜದೆ, ಅದರ ರಂಧ್ರಗಳಲ್ಲಿದ್ದ ಜೀವಗಳ ಸಮೇತ ತಂದು ತೊಟ್ಟಿಯಲ್ಲಿಟ್ಟರು. ಬಿಸಿಲು ಬೀಳುವಂತೆ ಮಾಡಿ, ಗಾಳಿಯನ್ನು ಮೆಲ್ಲಗೆ ಗುಳ್ಳೆಯಾಡಿಸಿದರು. ಮೀನೂ ಹವಳವೂ ಒಟ್ಟಿಗೆ ಬದುಕಿದವು. ವಾರಿಂಗ್ಟನ್ನನ ಮಗ ಹೊಲದಲ್ಲಿ ಕಂಡಂಥ ಜೀವಿಗಳು ಆ ಕಲ್ಲಿನ ಸಂದುಗೊಂದುಗಳಲ್ಲಿ ಮನೆ ಮಾಡಿಕೊಂಡಿದ್ದವು! ಅಲ್ಲಿಂದೀಚೆಗೆ ಬಲ್ಲವರಿಗೆ ಕಡಲ ಮೀನು ಸಾಕುವುದೆಂದರೆ ನೀರನ್ನು ಸಾಕುವುದು ಎಂದಾಯಿತು. ತೊಟ್ಟಿಗೆ ನೀರು ತುಂಬಿ, ಸೂಕ್ಷ್ಮಜೀವಿಗಳು ನೆಲೆಯೂರುವುದಕ್ಕಾಗಿ ನಾಲ್ಕಾರು ವಾರ ಒಂದೂ ಮೀನಿಲ್ಲದೆ ಕಾಯಬೇಕು. ಈ ಕಾಯುವಿಕೆಯನ್ನು ತಪ್ಪಿಸಹೋಗಿ ಕೊಂದ ಮೀನಿಗೆ ಲೆಕ್ಕವಿಲ್ಲ.

ಈಗ ರಾಜಾಜಿನಗರಕ್ಕೆ ಹಿಂತಿರುಗೋಣ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. 200 ಲೀಟರಿನ ತೊಟ್ಟಿಗೆ ಏಳು ಕಿಲೋ ಮಿಶ್ರಣ ಬೇಕು. ಆಮೇಲೆ ವಾರವಾರವೂ ಹತ್ತರಲ್ಲಿ ಒಂದು ಭಾಗ ನೀರನ್ನು ಬದಲಿಸುವುದಾದರೆ ಪ್ರತಿ ಸಲವೂ 700 ಗ್ರಾಂ. ‘ಅಷ್ಟೇಕೆ ರಾಯರೇ, ಅಡಿಗೆ ಉಪ್ಪು ಸಾಲದೇ?’ ಎಂದು ಕೇಳುವವರುಂಟು. ಸಾಲದು. ಕಡಲಿನ ಲವಣದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಅಡಿಗೆ ಉಪ್ಪೇ ಆದರೂ ಉಳಿದ ಪಾಲಿನ ಮೆಗ್ನೀಸಿಯಂ, ಸುಣ್ಣ, ಪೊಟ್ಯಾಸಿಯಂಗಳಿಲ್ಲದೆ ಆ ಜೀವಗಳಿಗೆ ಆಗದು. ಇನ್ನೊಂದು ವಿಷಯ: ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ತುಂಬಲು ಸಿಹಿನೀರನ್ನೇ ಹಾಕಬೇಕು.

ಆ ಸಿಹಿನೀರು ಯಾವುದು ಎಂಬುದಕ್ಕೂ ಈ ಭಾಗದಲ್ಲಿ ಒಂದು ಚರಿತ್ರೆಯಿದೆ. ಬೆಂಗಳೂರಿನ ನಲ್ಲಿಗಳಿಗೆ 1896ರಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದ ನೀರು ಸೇರಿತು, ಎರಡೂ ಅರ್ಕಾವತಿಯವು. 1974ರಲ್ಲಿ ಕಾವೇರಿ ಬಂದಳು. ನಲ್ಲಿಯ ನೀರಿನಲ್ಲಿ ಕ್ಲೋರೀನ್ ಇರುತ್ತದೆ. ಅದು ನಮ್ಮ ಹೊಟ್ಟೆಯನ್ನು ಕಾಪಾಡುವ ಹಾಗೆಯೇ ಮೀನಿನ ಕಿವಿರನ್ನು ಸುಡುತ್ತದೆ. ಹಿಂದಿನವರು ಛಾಯಾಚಿತ್ರದವರ ಬಳಿಯ ‘ಹೈಪೊ’ ಹರಳನ್ನು ಹಾಕಿ ಅದನ್ನು ಕಳೆಯುತ್ತಿದ್ದರು. ಕೊಳವೆಬಾವಿಯ ನೀರಾದರೆ ಗಡಸು, ಮತ್ತು ಅನೇಕ ಕಡೆ ನೈಟ್ರೇಟಿನ ಅಂಶ ಹೆಚ್ಚು. ವೃಷಭಾವತಿ ಊರಿನ ಕೊಳಚೆಯನ್ನು ಹೊತ್ತು ಹರಿಯತೊಡಗಿದ ಮೇಲೆ ಅದರ ಕಣಿವೆಯ ಬಾವಿಗಳ ನೀರನ್ನು ನಂಬುವ ಹಾಗಿಲ್ಲ. ಹೀಗಾಗಿ ಇಂದಿನವರು ಕುಡಿಯುವ ನೀರಿಗಿಂತಲೂ ಚೊಕ್ಕವಾಗಿ ಸೋಸಿದ ನೀರಿಗೆ ಮತ್ತೆ ಉಪ್ಪು ಬೆರೆಸಿ ಕಡಲು ಮಾಡುತ್ತಾರೆ. ತೊಟ್ಟಿಯಿಂದ ಚೆಲ್ಲಿದ ನೀರು ರಾಜಾಜಿನಗರದ ಮೋರಿಯಿಂದ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಗಿಡದ ಬುಡಕ್ಕೆ ಸುರಿದರೆ ಗಿಡ ಒಣಗುತ್ತದೆ.

ಬೆಂಗಳೂರಿನ ಹವೆಯನ್ನು ಎಲ್ಲರೂ ಹೊಗಳುತ್ತಾರೆ. ಹವಳದ ಮೀನು ಹೊಗಳುವುದಿಲ್ಲ. ಅದಕ್ಕೆ ವರ್ಷವಿಡೀ 24ರಿಂದ 27 ಡಿಗ್ರಿಯ ನೀರು ಬೇಕು. ಡಿಸೆಂಬರಿನ ರಾತ್ರಿ 15 ಡಿಗ್ರಿಗೆ ಇಳಿಯುವಾಗ ನೀರನ್ನು ಕಾಯಿಸಬೇಕು, ಏಪ್ರಿಲಿನ ಮಧ್ಯಾಹ್ನ ತಣಿಸಬೇಕು. ವಿದ್ಯುತ್ತು ಹೋದರೆ ಎರಡೂ ಇಲ್ಲ, ಗಾಳಿಯೂ ಇಲ್ಲ.

ನೀರಿನ ಸಮಸ್ಯೆ ಬಗೆಹರಿದಂತೆಲ್ಲ ಮೀನಿಗೆ ಬೇಡಿಕೆ ಹೆಚ್ಚಿತು. ಆಗ ಗಾಸನ ಕಾಲದ ಮಡುಗಳಿಗೆ ಒದಗಿದ ಗತಿ ಉಷ್ಣವಲಯದ ಹವಳದ ದಿಬ್ಬಗಳಿಗೆ ಒದಗಿತು. 1960ರ ದಶಕದ ಆರಂಭದಿಂದ ಫಿಲಿಪೈನ್ಸಿನ ಮುಳುಗುಗಾರರು ಸೋಡಿಯಂ ಸಯನೈಡನ್ನು ಸೀಸೆಯಲ್ಲಿ ಕಲಸಿ ಹವಳದ ಬಿರುಕುಗಳಿಗೆ ಚಿಮುಕಿಸತೊಡಗಿದರು. ಮೀನು ಪ್ರಜ್ಞೆ ತಪ್ಪಿ ಕೈಗೆ ಬರುತ್ತದೆ, ಹವಳ ಅಲ್ಲಿಯೇ ಸಾಯುತ್ತದೆ. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡು, ಕೊಂಡವನ ಮನೆಯಲ್ಲಿ ಕೆಲವು ದಿನಗಳ ಮೇಲೆ ಸಾಯುವುದುಂಟು. ಕೊಂಡವನು ತನ್ನ ನೀರನ್ನು ಹಳಿದುಕೊಳ್ಳುತ್ತಾನೆ. ವಿಷವಿಲ್ಲದೆ ಹಿಡಿದರೂ ಕೆಲವು ಜಾತಿಗಳು ಬದುಕುವುದಿಲ್ಲ. ಚಿಟ್ಟೆಮೀನುಗಳಲ್ಲಿ ಹಲವು ಜೀವಂತ ಹವಳವನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ಇಂಥವನ್ನು ತಂದು ತೊಟ್ಟಿಯಲ್ಲಿ ಬಿಡುವುದೆಂದರೆ ಗಾಜಿನೊಳಗೆ ಉಪವಾಸ ಕೆಡಹಿ ನೋಡುವುದು. ಎಷ್ಟು ಅಂದವಾಗಿದ್ದರೂ ಇದನ್ನು ವಿನೋದವೆನ್ನಲು ನನಗೆ ಮನಸ್ಸು ಬಾರದು.

ಭಾರತದ ಹವಳದ ದಿಬ್ಬಗಳಲ್ಲಿ ಮುಖ್ಯವಾದುವು ಲಕ್ಷದ್ವೀಪ, ಅಂಡಮಾನ್ ನಿಕೋಬಾರ್, ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿಗಳಲ್ಲಿವೆ. ನಮ್ಮ ರಾಜ್ಯದಲ್ಲಿಯೂ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವೂ ಬಣ್ಣದ ಮೀನುಗಳೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಕಡಲಕುದುರೆಯ ಕುಲವನ್ನೂ ಸೇರಿಸಿದರು. ಹುಲಿಗೆ ಇರುವ ರಕ್ಷಣೆ ಇವುಗಳಿಗೂ ಸಿಕ್ಕಿತು. ಆದ್ದರಿಂದ ಲೀ ಚಿನ್ ಎಂಗ್ ಅವರ ರೀತಿಯನ್ನು ಅನುಸರಿಸಲು ನಮ್ಮ ಕಡಲಿನ ಹವಳದ ಕಲ್ಲನ್ನು ಕೀಳುವುದು ಅಪರಾಧ. ಸುಟ್ಟ ಮಣ್ಣಿನಿಂದಲೋ ಸಿಮೆಂಟಿನಿಂದಲೋ ಮಾಡಿದ ರಂಧ್ರಗಳುಳ್ಳ ಕಲ್ಲು ಸಿಕ್ಕುತ್ತದೆ. ತಾಳ್ಮೆಯಿದ್ದರೆ ಅದರಲ್ಲಿಯೂ ಸೂಕ್ಷ್ಮಜೀವಿಗಳು ನೆಲೆಸುತ್ತವೆ.

ಮೀನಿನ ಮಟ್ಟಿಗೆ ಸಮಾಧಾನದ ಒಂದು ದಾರಿ ತೆರೆದಿದೆ. ಬಿಳಿಪಟ್ಟಿಯ ಕಿತ್ತಳೆ ಮೀನು, ಮಕ್ಕಳು 2003ರ ಚಲನಚಿತ್ರದಿಂದಾಗಿ ‘ನೀಮೊ’ ಎಂದು ಕರೆಯುವ ಕ್ಲೌನ್ ಮೀನು, ತೊಟ್ಟಿಯಲ್ಲಿಯೇ ಮರಿ ಮಾಡುತ್ತದೆ. ಅಮೆರಿಕದ ಮಾರ್ಟಿನ್ ಮೋ ಎಂಬವರು 1970ರ ದಶಕದಲ್ಲಿ ಇದನ್ನು ವ್ಯಾಪಾರದ ಪ್ರಮಾಣದಲ್ಲಿ ಬೆಳೆಸಿದರು. ನಮ್ಮಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ಕ್ಲೌನ್ ಮೀನುಗಳ ಮರಿ ಬೆಳೆಸುವ ವಿಧಾನವನ್ನು ಸಿದ್ಧಪಡಿಸಿದರು. ಈ ಮೀನಿನ ಸಂಸಾರವೇ ಒಂದು ಸೋಜಿಗ. ಹುಟ್ಟುವಾಗ ಎಲ್ಲವೂ ಗಂಡಿನ ಸ್ವಭಾವದವು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಗಂಡ ಹೆಣ್ಣಾಗಿ ಮನೆಯ ಆಡಳಿತವನ್ನು ವಹಿಸಿಕೊಳ್ಳುತ್ತದೆ. ಮೊಟ್ಟೆಗಳನ್ನು ಕಲ್ಲಿಗೆ ಅಂಟಿಸಿದ ಮೇಲೆ ಕಾವಲು ಹೆಚ್ಚಾಗಿ ಗಂಡಿನದು. ಅದು ರೆಕ್ಕೆಯಿಂದ ನೀರು ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ಆರಿಸಿ ತೆಗೆಯುತ್ತ ಒಂದು ವಾರಕ್ಕೂ ಮೇಲ್ಪಟ್ಟು ನಿಲ್ಲುತ್ತದೆ. ದೀಪವಾರಿದ ಮೇಲೆ ಕತ್ತಲಲ್ಲಿ ಮರಿಗಳು ಹೊರಡುತ್ತವೆ. ಕಣ್ಣಿಗೆ ಕಂಡೂ ಕಾಣದಂಥ ನೀರುಹುಳುಗಳನ್ನು ಬೆಳೆಸಿ ಅವುಗಳಿಗೆ ತಿನ್ನಿಸಬೇಕು, ಕಷ್ಟವಿರುವುದು ಇಲ್ಲಿ.

ವಿಜಯನಗರದಲ್ಲಿಯೋ ಕೆಂಗೇರಿಯಲ್ಲಿಯೋ ಇಂಥ ಮೀನನ್ನು ಕೊಳ್ಳಹೊರಟವರು ಅಂಗಡಿಯವರನ್ನು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ. ಇದು ಹಿಡಿದ ಮೀನೋ, ಸಾಕಿ ಬೆಳೆಸಿದ ಮೀನೋ ಎಂದು ಕೇಳಿ. ನಿಮ್ಮ ಎದುರಿಗೇ ಒಂದು ಚಿಟಿಕೆ ಮೇವು ಹಾಕಿಸಿ, ಅದು ತಿನ್ನುತ್ತದೆಯೇ ನೋಡಿ. ತಿಂದರೂ ಆ ದಿನವೇ ತರಬೇಡಿ. ಒಂದು ವಾರ ಬಿಟ್ಟು ಹೋಗಿ, ಅದು ಇನ್ನೂ ಚುರುಕಾಗಿಯೇ ಇದ್ದರೆ ತನ್ನಿ. ಅಷ್ಟರಲ್ಲಿ ಮನೆಯ ತೊಟ್ಟಿಯ ನೀರಿಗೂ ಒಂದು ವಾರ ಹೆಚ್ಚು ವಯಸ್ಸಾಗಿರುತ್ತದೆ.